ರಾಜ್ಯಸಭೆ ಚುನಾವಣೆ: ಪ್ರಾಶಸ್ತ್ಯದ ಮತಗಳನ್ನು ಎಣಿಸುವುದು ಹೇಗೆ?

ವಿಧಾನಸಭೆಯ ಸದಸ್ಯರು ರಾಜ್ಯಸಭೆಗೆ ಪ್ರತಿನಿಧಿಗಳನ್ನು ಆರಿಸುವಾಗ ‘ಯಾರಿಗೆ ಎಷ್ಟು ಶಾಸಕರ ಬೆಂಬಲ’ ಎಂಬ ಲೆಕ್ಕ ಪತ್ರಿಕೆಗಳಲ್ಲಿ ಮೊದಲೇ ಬಂದಿರುತ್ತದೆ. ಆದರೆ ಕೊನೆಯ ಸ್ಥಾನಕ್ಕೆ ಪೈಪೋಟಿ ಬಿದ್ದಾಗ ಆ ಲೆಕ್ಕ ಸಾಲುವುದಿಲ್ಲ. 2022ರ ಜೂನ್‌ನಲ್ಲಿ ಕರ್ನಾಟಕದ ನಾಲ್ಕು ಸ್ಥಾನಗಳಿಗೆ ಆರು ಮಂದಿ ಕಣದಲ್ಲಿದ್ದರು. ಅಷ್ಟೇ ಸ್ಥಾನ, ಅಷ್ಟೇ ಅಭ್ಯರ್ಥಿಗಳಿರುವ ಕಾಲ್ಪನಿಕ ಉದಾಹರಣೆಯೊಂದನ್ನು ಇಟ್ಟುಕೊಂಡು 1961ರ ಚುನಾವಣಾ ನಿಯಮಗಳ ಪ್ರಕಾರ ಎಣಿಕೆ ಹೇಗೆ ಸಾಗುತ್ತದೆಂದು ನೋಡೋಣ.

ಮೊದಲ ಕೆಲಸ ಮತಪತ್ರಗಳ ಪರಿಶೀಲನೆ. ಶಾಸಕರು ತಮ್ಮ ಆಯ್ಕೆಯ ಕ್ರಮವನ್ನು, ಅಂದರೆ ಪ್ರಾಶಸ್ತ್ಯವನ್ನು, ಹೆಸರುಗಳ ಮುಂದೆ 1, 2, 3 ಎಂದು ಅಂಕಿಗಳಲ್ಲಿಯೇ ಬರೆಯಬೇಕು. ಕನ್ನಡ ಅಂಕಿಯಾದರೂ ಸರಿ, ಅಕ್ಷರಗಳಲ್ಲಿ ಬರೆಯುವಂತಿಲ್ಲ. 1 ಎಂಬ ಅಂಕಿ ಇಲ್ಲದಿದ್ದರೆ, ಅಥವಾ ಅದು ಇಬ್ಬರ ಮುಂದೆ ಇದ್ದರೆ ಮತ ಅಸಿಂಧು. 2, 3 ಬರೆಯದೆ ಬಿಟ್ಟರೆ ಅಡ್ಡಿಯಿಲ್ಲ.

ನಂತರ ಕೋಟಾ, ಅಂದರೆ ಗೆಲ್ಲಲು ಬೇಕಾದ ಮತಮೌಲ್ಯ, ನಿಗದಿ. ಸಿಂಧುವಾದ ಪ್ರತಿ ಮತಪತ್ರಕ್ಕೆ 100 ಮೌಲ್ಯ. ಕರ್ನಾಟಕ ವಿಧಾನಸಭೆಯ 224 ಶಾಸಕರ ಮತಗಳೂ ಸಿಂಧುವಾದರೆ ಒಟ್ಟು ಮೌಲ್ಯ 22,400. ಇದನ್ನು ಸ್ಥಾನಗಳ ಸಂಖ್ಯೆಗೆ ಒಂದು ಸೇರಿಸಿ, ಅಂದರೆ ಐದರಿಂದ, ಭಾಗಿಸಿ, ಬಂದ 4,480ಕ್ಕೆ ಒಂದು ಕೂಡಿಸಿದರೆ ಕೋಟಾ 4,481. ‘ಗೆಲ್ಲಲು 45 ಮತ ಬೇಕು’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

ಈಗ ಮೊದಲ ಪ್ರಾಶಸ್ತ್ಯದ ಮತಗಳು ಹೀಗಿವೆ ಎಂದಿಟ್ಟುಕೊಳ್ಳಿ: ಕ 50, ಚ 47, ಟ 45, ತ 32, ಪ 28, ಯ 22. ಮೊದಲ ಮೂವರು ಕೋಟಾ ದಾಟಿ ಗೆದ್ದರು. ನಾಲ್ಕನೇ ಸ್ಥಾನಕ್ಕೆ ‘ತ’ ಮುಂದಿದ್ದಾರೆ, ಆದರೆ ಎಣಿಕೆ ಇಲ್ಲಿಗೆ ನಿಲ್ಲುವುದಿಲ್ಲ.

ಗೆದ್ದವರಲ್ಲಿ ಉಳಿದ ಹೆಚ್ಚುವರಿ ಮೌಲ್ಯವನ್ನು ಹಂಚಬೇಕು. ಯಾರದು ದೊಡ್ಡದೋ ಅವರದು ಮೊದಲು. ‘ಕ’ ಅವರ 5,000ದಲ್ಲಿ ಕೋಟಾ ಕಳೆದರೆ 519 ಉಳಿಯುತ್ತದೆ. ಅವರ ಐವತ್ತೂ ಮತಪತ್ರಗಳನ್ನು ಬಿಚ್ಚಿ, ಗೆದ್ದವರ ಹೆಸರನ್ನು ದಾಟಿ, ಕಣದಲ್ಲಿ ಉಳಿದವರಲ್ಲಿ ಮುಂದಿನ ಪ್ರಾಶಸ್ತ್ಯ ಯಾರಿಗಿದೆ ಎಂದು ನೋಡುತ್ತಾರೆ. 519ನ್ನು 50ರಿಂದ ಭಾಗಿಸಿದರೆ ಪ್ರತಿ ಪತ್ರದ ಹೊಸ ಮೌಲ್ಯ 10, ಶೇಷವನ್ನು ಕೈಬಿಡಲಾಗುತ್ತದೆ. 40 ಪತ್ರಗಳು ‘ಪ’ಗೆ, 10 ‘ತ’ಗೆ ಹೋದವು ಎನ್ನಿ: ‘ಪ’ 3,200, ‘ತ’ 3,300.

‘ಚ’ ಅವರ ಹೆಚ್ಚುವರಿ 219, ಪತ್ರಗಳು 47, ಹಾಗಾಗಿ ತಲಾ 4. ಇವುಗಳಲ್ಲಿ 42 ‘ಪ’ಗೆ, 5 ‘ತ’ಗೆ. ಈಗ ‘ಪ’ 3,368, ‘ತ’ 3,320. ಒಂದೇ ಒಂದು ಹೊಸ ಮತ ಬೀಳದೆಯೂ ಹಿಂದಿದ್ದವರು ಮುಂದೆ ಬಂದರು! ಪಕ್ಷದ ಎರಡನೇ ಪ್ರಾಶಸ್ತ್ಯ ಯಾರಿಗೆ ಎಂಬ ಬಗ್ಗೆ ನಾಯಕರು ಅಷ್ಟೊಂದು ತಲೆ ಕೆಡಿಸಿಕೊಳ್ಳುವುದು ಇದಕ್ಕಾಗಿಯೇ. ‘ಟ’ ಅವರಲ್ಲಿ ಉಳಿದ 19ನ್ನು 45 ಪತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಒಂದೂ ಬರುವುದಿಲ್ಲ, ಆದ್ದರಿಂದ ಅದರಿಂದ ಯಾರಿಗೂ ಲಾಭವಿಲ್ಲ.

ಇನ್ನು ಅತಿ ಕಡಿಮೆ ಮೌಲ್ಯದ ‘ಯ’ ಕಣದಿಂದ ಹೊರಗೆ. ಸೋತವರ ಮೊದಲ ಪ್ರಾಶಸ್ತ್ಯದ ಪತ್ರಗಳು ಪೂರ್ಣ 100ರ ಮೌಲ್ಯದಲ್ಲೇ ವರ್ಗಾವಣೆಯಾಗುತ್ತವೆ ಎಂಬ ವ್ಯತ್ಯಾಸವನ್ನು ಗಮನಿಸಬೇಕು. 22ರಲ್ಲಿ 7 ‘ಪ’ಗೆ, 7 ‘ತ’ಗೆ ಹೋಗಿ, ಮುಂದಿನ ಪ್ರಾಶಸ್ತ್ಯವನ್ನೇ ಬರೆಯದ 8 ಪತ್ರಗಳು ಎಣಿಕೆಯಿಂದ ಹೊರಬಿದ್ದರೆ, ‘ಪ’ 4,068, ‘ತ’ 4,020.

ಇಬ್ಬರೂ ಕೋಟಾ ಮುಟ್ಟಿಲ್ಲ. ಹೀಗಾದಾಗ ಒಂದೇ ಸ್ಥಾನ ಉಳಿದಿದ್ದು, ಒಬ್ಬರ ಮೌಲ್ಯವು ಉಳಿದೆಲ್ಲರ ಮೌಲ್ಯ ಮತ್ತು ವರ್ಗಾವಣೆಯಾಗದ ಹೆಚ್ಚುವರಿ ಸೇರಿದ ಮೊತ್ತಕ್ಕಿಂತ ಹೆಚ್ಚಿದ್ದರೆ ಅವರೇ ವಿಜೇತರು. 4,020ಕ್ಕೆ ‘ಟ’ ಅವರ 19 ಸೇರಿಸಿದರೂ 4,039 ಮಾತ್ರ; ‘ಪ’ ಆಯ್ಕೆಯಾದರು. ಅಂತರ 48, ಅಂದರೆ ಒಬ್ಬ ಶಾಸಕರ ಅರ್ಧ ಮತಕ್ಕಿಂತಲೂ ಕಡಿಮೆ.