ಡಯಾಲಿಸಿಸ್ ರೋಗಿಯ ಎಸ್‌ಜಿಪಿಟಿಯನ್ನು ನಾನು ಓದುವ ಬಗೆ

ಆಸ್ಪತ್ರೆಯ ಜೀವರಸಾಯನ ಪ್ರಯೋಗಾಲಯದಲ್ಲಿ ವರದಿಗಳನ್ನು ಪರಿಶೀಲಿಸಿ ಸಹಿ ಹಾಕುವುದು ನನ್ನ ಕೆಲಸ. ಯಕೃತ್ತಿನ ಪೆಟ್ಟನ್ನು ಸೂಚಿಸುವ ಎಸ್‌ಜಿಪಿಟಿ 34 ಎಂದಿದ್ದರೆ ಯಂತ್ರ ಅದನ್ನು ಸಹಜ ಎಂದೇ ತೋರಿಸುತ್ತದೆ. ನಾನು ಮಾತ್ರ ಮೂತ್ರಪಿಂಡ ಸೋತಾಗ ಏರುವ ಕ್ರಿಯಾಟಿನಿನ್ ಅದೇ ರೋಗಿಯಲ್ಲಿ ಎಷ್ಟಿದೆ ಎಂದು ನೋಡದೆ ಮುಂದಕ್ಕೆ ಹೋಗುವುದಿಲ್ಲ. ಅದು 8ರಷ್ಟು ಹೆಚ್ಚಿದ್ದರೆ, ಡಯಾಲಿಸಿಸ್ ರೋಗಿ ಇರಬಹುದೆಂದು ಹಳೆಯ ವರದಿಗಳನ್ನು ತೆರೆಯುತ್ತೇನೆ.

ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಜೀವಕೋಶದ ಒಳಗಿರಬೇಕಾದ ಕಿಣ್ವಗಳು. ಯಕೃತ್ತಿನ ಕೋಶಗಳಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತವೆ. ಆದರೆ ಅವು ಕೆಲಸ ಮಾಡಲು ಬಿ6 ಜೀವಸತ್ವದಿಂದ ಬರುವ ಪಿರಿಡಾಕ್ಸಲ್ ಫಾಸ್ಫೇಟ್ ಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಬಹಳಷ್ಟು ಮಂದಿಗೆ ಇದರ ಕೊರತೆ ಇರುತ್ತದೆ. ಮೈಯಲ್ಲಿ ನೀರು ತುಂಬಿ ರಕ್ತವೂ ತೆಳುವಾಗಿರುತ್ತದೆ. ಹಾಗಾಗಿ ಇವರ ಎಸ್‌ಜಿಪಿಟಿ ಸಾಮಾನ್ಯವಾಗಿ ತಗ್ಗಿನಲ್ಲೇ ಇರುತ್ತದೆ. ಮೊದಲು 12 ಇದ್ದದ್ದು ಈಗ 34 ಆಗಿದ್ದರೆ ಅದು ಸುಮಾರು ಮೂರು ಪಟ್ಟು ಏರಿಕೆ. ಡಯಾಲಿಸಿಸ್ ಘಟಕಗಳಲ್ಲಿ ಯಕೃತ್ತನ್ನು ಕಾಡುವ ಹೆಪಟೈಟಿಸ್ ಸಿ ವೈರಸ್ (ಎಚ್‌ಸಿವಿ) ಸೋಂಕು ಹೀಗೆ ‘ಸಹಜ’ ಅಂಕಿಯ ಮರೆಯಲ್ಲೇ ಉಳಿದುಬಿಡಬಹುದು. ಇಂಥ ವರದಿಯ ಕೆಳಗೆ ‘ಹಿಂದಿನ ಮೌಲ್ಯಕ್ಕೆ ಹೋಲಿಸಿ ನೋಡಿ, ಎಚ್‌ಸಿವಿ ಪರೀಕ್ಷೆ ಮಾಡಿಸಿ’ ಎಂದು ಬರೆಯುತ್ತೇನೆ. ರೋಗಿಯಲ್ಲಿರುವ ಕೊರತೆಯಿಂದ ಅಂಕಿ ತಗ್ಗದಂತೆ ಪಿರಿಡಾಕ್ಸಲ್ ಫಾಸ್ಫೇಟ್ ಸೇರಿಸಿದ ಪರೀಕ್ಷಾ ಕಿಟ್‌ಗಳೇ ಬೇಕೆಂದು ಪಟ್ಟು ಹಿಡಿದು ತರಿಸಿಕೊಂಡದ್ದೂ ಇದೇ ಕಾರಣಕ್ಕೆ.

ಮೇದೋಜೀರಕ ಗ್ರಂಥಿಯ ಕಿಣ್ವಗಳಾದ ಅಮೈಲೇಸ್, ಲೈಪೇಸ್ ವಿಷಯದಲ್ಲಿ ಎಲ್ಲವೂ ತಿರುಗುಮುರುಗು. ಇವುಗಳನ್ನು ರಕ್ತದಿಂದ ತೆಗೆಯುವುದರಲ್ಲಿ ಮೂತ್ರಪಿಂಡದ ಪಾಲು ದೊಡ್ಡದು. ಮೂತ್ರಪಿಂಡ ಸೋತಾಗ ಮೇದೋಜೀರಕ ಗ್ರಂಥಿ ಚೆನ್ನಾಗಿದ್ದರೂ ಇವು ಎರಡು ಮೂರು ಪಟ್ಟು ಏರಬಹುದು. ಅಂಥ ವರದಿ ಬಂದಾಗ ವಾರ್ಡಿಗೆ ಫೋನ್ ಮಾಡಿ, ಹೊಟ್ಟೆನೋವು ಇದೆಯೇ ಎಂದು ಮೊದಲು ಕೇಳುತ್ತೇನೆ. ಪಿತ್ತನಾಳ, ಮೂಳೆ ಎರಡರಿಂದಲೂ ಬರುವ ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ, ಮೂಳೆಯಿಂದ ಬಾರದ ಜಿಜಿಟಿ ಎಂಬ ಕಿಣ್ವವನ್ನು ನೋಡುತ್ತೇನೆ. ಜಿಜಿಟಿ ಸಹಜವಾಗಿದ್ದರೆ ಪಿತ್ತನಾಳಕ್ಕಿಂತ ಮೂಳೆಯ ಕಡೆಗೇ ನನ್ನ ಸಂಶಯ; ಬಹುಕಾಲದ ಮೂತ್ರಪಿಂಡ ರೋಗ ಮೂಳೆಯನ್ನೂ ಕಾಡುತ್ತದೆ.

ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ, ಅಂದರೆ ಸೀರಮ್, ನಸುಗೆಂಪಾಗಿದ್ದರೆ ಎಸ್‌ಜಿಒಟಿಯ ಅಂಕಿಯನ್ನು ಹೊರಗೆ ಬಿಡುವುದಿಲ್ಲ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಅವುಗಳೊಳಗಿನ ಎಸ್‌ಜಿಒಟಿಯೂ ಬೆರೆತುಕೊಳ್ಳುತ್ತದೆ. ಹೊಸ ಮಾದರಿ ತರಿಸುತ್ತೇನೆ.

ನನ್ನನ್ನು ಹೆಚ್ಚು ಕಂಗೆಡಿಸುವುದು ಇಳಿಯುವ ಅಂಕಿ. ತೀವ್ರ ಕಾಮಾಲೆಯಲ್ಲಿ ಸಾವಿರಗಳಲ್ಲಿದ್ದ ಎಸ್‌ಜಿಪಿಟಿ ಕೆಲವೇ ದಿನಗಳಲ್ಲಿ ನೂರರ ಆಸುಪಾಸಿಗೆ ಬಂದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅದೇ ಹೊತ್ತಿಗೆ ಕಾಮಾಲೆಯ ಹಳದಿ ವರ್ಣದ್ರವ್ಯವಾದ ಬಿಲಿರುಬಿನ್ ಏರುತ್ತಿದ್ದು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಪ್ರೋಥ್ರಾಂಬಿನ್ ಸಮಯ ಉದ್ದವಾಗುತ್ತಿದ್ದರೆ, ಸೋರಲು ಕೋಶಗಳೇ ಉಳಿದಿಲ್ಲ ಎಂದರ್ಥ. ಆಗ ವರದಿ ಮುದ್ರಣವಾಗುವವರೆಗೂ ಕಾಯದೆ ವೈದ್ಯರಿಗೆ ನೇರವಾಗಿ ತಿಳಿಸುತ್ತೇನೆ.

ಇನ್ನೊಂದು ಕಿಣ್ವ ಕೋಲಿನೆಸ್ಟರೇಸ್. ಆರ್ಗನೋಫಾಸ್ಫೇಟ್‌ನಂಥ ಕೀಟನಾಶಕ ಸೇವಿಸಿದವರಲ್ಲಿ ಇದು ಕುಸಿಯುತ್ತದೆ. ಆದರೆ ಇದನ್ನು ತಯಾರಿಸುವುದು ಯಕೃತ್ತು. ಸಿರೋಸಿಸ್ (ಯಕೃತ್ತು ಗಾಯದ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇದ್ದವರಲ್ಲಿ ವಿಷದ ಹನಿ ಸೋಕದಿದ್ದರೂ ಕಡಿಮೆಯೇ ಇರುತ್ತದೆ. ಆದ್ದರಿಂದ ಯಕೃತ್ತೇ ತಯಾರಿಸುವ ಇನ್ನೊಂದು ಪ್ರೋಟೀನ್ ಆದ ಆಲ್ಬುಮಿನ್ ಜೊತೆಗಿಟ್ಟು ಓದುತ್ತೇನೆ. ಎರಡೂ ಕಡಿಮೆ ಇದ್ದರೆ ಹಳೆಯ ಯಕೃತ್ತಿನ ಕಾಯಿಲೆ ಇದೆಯೇ ಎಂದು ವಿಚಾರಿಸುತ್ತೇನೆ. ವಿಷದ ಲಕ್ಷಣಗಳು ಕಂಡಿದ್ದರೆ ಚಿಕಿತ್ಸೆ ಮಾತ್ರ ನನ್ನ ಈ ಲೆಕ್ಕಾಚಾರಕ್ಕೆ ಕಾಯಬಾರದು ಎಂದೂ ಅದೇ ಫೋನಿನಲ್ಲಿ ಹೇಳಿಬಿಡುತ್ತೇನೆ.