ಸಿಗರೇಟ್ ಬಿಟ್ಟರೆ ದಪ್ಪ ಆಗ್ತೀನಿ ಅನ್ನೋ ಭಯ ಇದ್ದವರಿಗೆ

ಸುಳ್ಳು ಹೇಳಿ ಪ್ರಯೋಜನವಿಲ್ಲ, ಸಿಗರೇಟ್ ಬಿಟ್ಟವರಲ್ಲಿ ಹೆಚ್ಚಿನವರ ತೂಕ ಏರುತ್ತದೆ. ಮೊದಲ ವರ್ಷದಲ್ಲಿ ಸರಾಸರಿ 4ರಿಂದ 5 ಕೆಜಿ, ಅದರಲ್ಲೂ ಜಾಸ್ತಿ ಪಾಲು ಮೊದಲ 3 ತಿಂಗಳಲ್ಲೇ. ಕೆಲವರ ತೂಕ ಇಳಿಯುವುದೂ ಉಂಟು.

ಸಿಗರೇಟಿನಲ್ಲಿರುವ ನಿಕೋಟಿನ್ ಹಸಿವನ್ನು ಅಡಗಿಸಿಡುತ್ತದೆ, ಸುಮ್ನೆ ಕೂತಿದ್ದರೂ ದೇಹ ಸ್ವಲ್ಪ ಹೆಚ್ಚು ಕ್ಯಾಲೊರಿ ಸುಡುವ ಹಾಗೆ ಮಾಡುತ್ತದೆ. ಬಿಟ್ಟ ಮೇಲೆ ಎರಡೂ ನಿಲ್ಲುತ್ತವೆ, ಮೇಲಿಂದ ನಾಲಿಗೆಗೆ ರುಚಿ ವಾಪಸ್ ಬರುತ್ತದೆ, ಬಾಯಿ ಚಪಲ ಶುರುವಾಗುತ್ತದೆ.

ಹಾಗಂತ ಬಿಟ್ಟ ದಿನವೇ ಕಟ್ಟುನಿಟ್ಟಿನ ಡಯಟ್ ಶುರು ಮಾಡಬೇಡಿ. ಹೊಟ್ಟೆ ಹಸಿದಿದ್ದಾಗ ಸೇದುವ ಆಸೆ ಇನ್ನೂ ಕೆರಳುತ್ತದೆ, ಕೊನೆಗೆ ಎರಡೂ ಕೈತಪ್ಪುತ್ತವೆ. ಮೊದಲು ಸಿಗರೇಟ್, ಆಮೇಲೆ ತೂಕ.

ನಿಜವಾದ ಕಷ್ಟ ಊಟ ಮುಗಿದ ಆ ಹೊತ್ತಿನದು. ಇಷ್ಟು ದಿನ ಒಂದು ಸಿಗರೇಟ್ ಹಚ್ಚಿದರೆ ಊಟ ಮುಗಿಯಿತು ಅಂತ ಲೆಕ್ಕ, ಈಗ ಅದಿಲ್ಲದೆ ಕೈ ತಾನಾಗೇ ಇನ್ನೊಂದು ತುತ್ತಿಗೋ ಸಿಹಿಗೋ ಹೋಗುತ್ತದೆ, ಅಲ್ವಾ? ಕೈ ತೊಳೆದ ತಕ್ಷಣ ಹಲ್ಲುಜ್ಜಿಬಿಡಿ, ಆಮೇಲೆ ಹತ್ತು ನಿಮಿಷ ನಡೆಯಿರಿ. ಸೇದಬೇಕೆನ್ನುವ ಆ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ಉಳಿದ ಹೊತ್ತಿಗೆ ಹೆಚ್ಚಿದ ಕ್ಯಾರೆಟ್, ಸೌತೆಕಾಯಿ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ. ಬಿಸ್ಕತ್ತಿನ ಡಬ್ಬ ಕಣ್ಣಿಗೆ ಬೀಳದಿದ್ದರೆ ಒಳ್ಳೆಯದು.

ಸಿಗರೇಟ್ ಬಿಡಲು ನೆರವಾಗುವ ನಿಕೋಟಿನ್ ಗಮ್ ಬಳಸುವಾಗ ತೂಕ ಏರುವುದು ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ನೀವು ಹೊಸ ಅಭ್ಯಾಸಕ್ಕೆ ಒಗ್ಗಿಕೊಳ್ಳಬಹುದು. ಆದರೆ ಅದನ್ನು ಬಬಲ್‌ಗಮ್ ಥರ ಜಗಿಯುತ್ತಾ ಇರಬಾರದು. ನಿಧಾನವಾಗಿ ಜಗಿಯಿರಿ, ಬಾಯಲ್ಲಿ ಚುರುಚುರು ಅನಿಸಿದಾಗ ಕೆನ್ನೆ ಮತ್ತು ವಸಡಿನ ಮಧ್ಯೆ ಒತ್ತಿಡಿ, ಚುರುಚುರು ಹೋದ ಮೇಲೆ ಮತ್ತೆ ಜಗಿಯಿರಿ. ಅದಕ್ಕೆ 15 ನಿಮಿಷ ಮೊದಲಿಂದ ಕಾಫಿ, ಜ್ಯೂಸ್ ಬೇಡ, ಕುಡಿದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ.

ತೂಕ ನೋಡುವುದು ವಾರಕ್ಕೊಮ್ಮೆ ಸಾಕು. ದಿನಾ ನೋಡಿದರೆ ತಲೆಬಿಸಿ ಅಷ್ಟೇ.

ಸೇದಿದರೆ ಸಣ್ಣಗಿರಬಹುದು ಅನ್ನುವ ಮಾತನ್ನಂತೂ ಪೂರ್ತಿ ನಂಬಬೇಡಿ. 1920ರ ದಶಕದ ಕೊನೆಗೆ ಅಮೆರಿಕದಲ್ಲಿ ಲಕ್ಕಿ ಸ್ಟ್ರೈಕ್‌ನವರು ಸಿಹಿ ತಿನ್ನುವ ಬದಲು ನಮ್ಮ ಸಿಗರೇಟ್ ಸೇದಿ ಅಂತ ಜಾಹೀರಾತು ಕೊಟ್ಟು ಹೆಂಗಸರಿಗೆ ಮಾರಿದ್ದು ಇದೇ ಆಸೆ ತೋರಿಸಿ. ಸೇದುವವರ ಒಟ್ಟು ತೂಕ ಕಡಿಮೆ ಇದ್ದರೂ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಜಾಸ್ತಿ, ಹೃದಯಕ್ಕೆ ಕೆಟ್ಟದ್ದು ಅದೇ. ತೂಕ ಏರಿದರೂ ಬಿಟ್ಟವರ ಹೃದಯಕ್ಕೆ ಲಾಭವೇ.

ಸಕ್ಕರೆ ಕಾಯಿಲೆ ಇರುವವರು ಬಿಡುವ ಮೊದಲೇ ಡಾಕ್ಟರಿಗೆ ಹೇಳಿ. ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣ ಬದಲಿಸಬೇಕಾಗಬಹುದು.