ಇಂಗ್ಲೆಂಡಿನ ಪೊಲೀಸ್ ವಿಚಾರಣೆಯಲ್ಲಿ ಮೌನದ ಹಕ್ಕನ್ನು ಬಳಸುವ ಬಗೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಪರಾಧದ ಶಂಕೆಯ ಮೇಲೆ ಯಾರನ್ನಾದರೂ ಪ್ರಶ್ನಿಸುವ ಮುನ್ನ ಪೊಲೀಸರು ಒಂದು ಎಚ್ಚರಿಕೆಯನ್ನು ಓದಿ ಹೇಳಬೇಕು. ನೀವು ಏನನ್ನೂ ಹೇಳಬೇಕಾಗಿಲ್ಲ. ಆದರೆ ಮುಂದೆ ನ್ಯಾಯಾಲಯದಲ್ಲಿ ನೆಚ್ಚಿಕೊಳ್ಳುವ ಸಂಗತಿಯನ್ನು ಈಗ ಪ್ರಶ್ನಿಸಿದಾಗ ಹೇಳದಿದ್ದರೆ ನಿಮ್ಮ ಪ್ರತಿವಾದಕ್ಕೆ ಧಕ್ಕೆಯಾಗಬಹುದು. ನೀವು ಹೇಳುವುದೆಲ್ಲವೂ ಸಾಕ್ಷ್ಯವಾಗಬಹುದು ಎಂಬುದು ಅದರ ತಾತ್ಪರ್ಯ. ಹೆಚ್ಚಿನವರು ಮೊದಲ ಮಾತನ್ನು ಕೇಳಿ ನಿರಾಳರಾಗುತ್ತಾರೆ. ಅಪಾಯವಿರುವುದು ನಡುವಿನ ಮಾತಿನಲ್ಲಿ.

ಆ ಮಾತಿಗೆ ಮೂಲ 1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯ 34ನೇ ಕಲಂ. ಹೊಡೆದಾಟದ ಪ್ರಕರಣವೊಂದರಲ್ಲಿ ಆರೋಪಿಯು ಠಾಣೆಯಲ್ಲಿ ಪ್ರತಿ ಪ್ರಶ್ನೆಗೂ ‘ನೋ ಕಾಮೆಂಟ್’ ಎಂದು, ತಿಂಗಳುಗಳ ನಂತರ ನ್ಯಾಯಾಲಯದಲ್ಲಿ ‘ಅವನೇ ಮೊದಲು ಕೈಯೆತ್ತಿದ, ನಾನು ಆತ್ಮರಕ್ಷಣೆಗಾಗಿ ಹೊಡೆದೆ’ ಎಂದರೆ, ಇದು ಆಮೇಲೆ ಕಟ್ಟಿದ ಕಥೆಯಿರಬಹುದೇ ಎಂದು ಜ್ಯೂರಿ, ಅಂದರೆ ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ, ಯೋಚಿಸಲು ಕಾನೂನೇ ಎಡೆ ಕೊಡುತ್ತದೆ. ಮೌನವೊಂದನ್ನೇ ಆಧಾರವಾಗಿಟ್ಟುಕೊಂಡು ಯಾರನ್ನೂ ಅಪರಾಧಿ ಎನ್ನುವಂತಿಲ್ಲ ಎಂಬುದು ನಿಜ. ಆದರೆ ಬೇರೆ ಸಾಕ್ಷ್ಯಗಳಿದ್ದಾಗ ಅದು ತಕ್ಕಡಿಗೆ ಬೀಳುವ ಮತ್ತೊಂದು ತೂಕವಾಗುತ್ತದೆ. ಬಟ್ಟೆಯ ಮೇಲಿನ ರಕ್ತದ ಕಲೆಗೆ, ಅಥವಾ ಘಟನೆಯ ಸ್ಥಳದಲ್ಲಿ ತಾನು ಇದ್ದುದಕ್ಕೆ ಬಂಧಿತನು ವಿವರಣೆ ಕೊಡದಿದ್ದರೆ 36 ಮತ್ತು 37ನೇ ಕಲಂಗಳೂ ಅನ್ವಯಿಸಬಹುದು.

ಆದ್ದರಿಂದ ಮಾತನಾಡಬೇಕೇ ಬೇಡವೇ ಎಂಬುದನ್ನು ಒಬ್ಬರೇ ಕುಳಿತು ನಿರ್ಧರಿಸಬೇಡಿ. ಮೊದಲು ವಕೀಲರನ್ನು ಕೇಳಿ. ಠಾಣೆಯಲ್ಲಿ ಈ ಸಲಹೆ ಎಲ್ಲರಿಗೂ ಉಚಿತ, ಆದಾಯದ ಪ್ರಶ್ನೆಯೇ ಬರುವುದಿಲ್ಲ. ಪರಿಚಯದ ವಕೀಲರಿಲ್ಲದಿದ್ದರೆ ‘ಡ್ಯೂಟಿ ಸಾಲಿಸಿಟರ್’ (ಸರದಿಯ ಮೇಲಿರುವ ವಕೀಲರು) ಬೇಕು ಎಂದರೆ ಸಾಕು. ಇಂಗ್ಲಿಷ್ ಸರಾಗವಾಗಿ ಬರದವರು ದುಭಾಷಿಯನ್ನೂ ಕೇಳಬೇಕು, ಅದಕ್ಕೂ ಹಣವಿಲ್ಲ. ವಕೀಲರು ಬಂದರೆ ತಡವಾಗುತ್ತದೆ, ಬೇಗ ಮುಗಿಸಿ ಮನೆಗೆ ಹೋಗೋಣ ಎಂಬ ಆತುರವೇ ಇಲ್ಲಿ ಅತಿ ದುಬಾರಿಯಾದ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪೊಲೀಸರ ಬಳಿ ಯಾವ ಸಾಕ್ಷ್ಯವಿದೆ ಎಂದು ವಕೀಲರು ಮೊದಲು ವಿಚಾರಿಸುತ್ತಾರೆ. ಪೊಲೀಸರು ಏನನ್ನೂ ತಿಳಿಸದಿದ್ದಾಗ, ಅಥವಾ ನೀವು ಅಸ್ವಸ್ಥರಾಗಿದ್ದಾಗ, ಮೌನವೇ ಲೇಸೆನಿಸಬಹುದು. ನಡುವಿನ ದಾರಿಯೂ ಒಂದಿದೆ: ನಿಮ್ಮ ಪ್ರತಿವಾದದ ಮುಖ್ಯ ಸಂಗತಿಗಳನ್ನು ಲಿಖಿತ ಹೇಳಿಕೆಯಾಗಿ ಓದಿಸಿ, ಮಿಕ್ಕ ಪ್ರಶ್ನೆಗಳಿಗೆ ಉತ್ತರಿಸದಿರುವುದು. ಆದರೆ ಆ ಹೇಳಿಕೆಯಲ್ಲಿ ಬಿಟ್ಟುಹೋದದ್ದನ್ನು ಮುಂದೆ ಸೇರಿಸಿದರೆ ಮತ್ತೆ ಅದೇ ತೊಡಕು. ವಕೀಲರು ಹೇಳಿದರೆಂದು ಸುಮ್ಮನಿದ್ದೆ ಎಂಬುದೂ ತಾನಾಗಿಯೇ ರಕ್ಷಣೆ ಕೊಡುವುದಿಲ್ಲ. ಆ ಸಲಹೆಯನ್ನು ನಿಜವಾಗಿ ನಂಬಿದ್ದಿರಾ, ನಂಬಿದ್ದು ಸಮಂಜಸವೇ ಎಂದು ಜ್ಯೂರಿ ನೋಡುತ್ತದೆ.

ಮೌನದ ನಿರ್ಧಾರವಾದರೆ ಮೊದಲಿನಿಂದ ಕೊನೆಯವರೆಗೆ ಅದಕ್ಕೇ ಅಂಟಿಕೊಳ್ಳಿ. ಸುಲಭದ ಪ್ರಶ್ನೆಗೆ ಉತ್ತರಿಸಿ ಕಷ್ಟದ ಪ್ರಶ್ನೆಗೆ ಬಾಯಿ ಮುಚ್ಚಿದರೆ ಧ್ವನಿಮುದ್ರಣದಲ್ಲಿ ಆ ವ್ಯತ್ಯಾಸ ಎದ್ದು ಕೇಳಿಸುತ್ತದೆ. ಸುಳ್ಳನ್ನಂತೂ ಹೇಳಲೇಬೇಡಿ.

ಈ ಹಕ್ಕು ಎಲ್ಲೆಡೆಯೂ ನಡೆಯುವುದಿಲ್ಲ. ವಾಹನವನ್ನು ಯಾರು ಓಡಿಸುತ್ತಿದ್ದರೆಂದು 1988ರ ರಸ್ತೆ ಸಂಚಾರ ಕಾಯ್ದೆಯ 172ನೇ ಕಲಮಿನಡಿ ಕೇಳಿದಾಗ, ತಿಳಿಸದಿರುವುದೇ ಅಪರಾಧವಾಗಬಹುದು.

ಬಂಧಿಸದೆ, ‘ಸುಮ್ಮನೆ ಬಂದು ಮಾತನಾಡಿ’ ಎಂದು ಠಾಣೆಗೆ ಕರೆದಾಗಲೂ ಎಚ್ಚರಿಕೆ ನೀಡಿ ನಡೆಸುವ ವಿಚಾರಣೆಯಾದರೆ ಇದೇ ನಿಯಮಗಳು, ಇದೇ ಉಚಿತ ವಕೀಲರ ಹಕ್ಕು ಅನ್ವಯಿಸುತ್ತವೆ; ಹೊರಡುವ ಮೊದಲೇ ವಕೀಲರಿಗೆ ಕರೆ ಮಾಡಿ.